ಮನದ ನೋವಿಗೂ ಮದ್ದಿದೆ

ಕಾಲು ನೋಯುತ್ತದೆ ಎನ್ನುತ್ತೇವೆ. ಮನಸ್ಸು ನೋಯುತ್ತದೆ ಎಂದೂ ಎನ್ನುತ್ತೇವೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ. ತರಗತಿಯಲ್ಲಿ ಎರಡನೆಯದನ್ನು ಲಾಕ್ಷಣಿಕ ಪ್ರಯೋಗವೆಂದು ವಿವರಿಸುವುದು ವಾಡಿಕೆ. ಆದರೆ ಮೆದುಳಿನ ಕುರಿತಾದ ಕಳೆದ ಐದು ದಶಕಗಳ ಅಧ್ಯಯನಗಳನ್ನು ಓದುವಾಗ, ಜನಸಾಮಾನ್ಯರ ನುಡಿಯೇ ಸತ್ಯಕ್ಕೆ ಹೆಚ್ಚು ಸಮೀಪವಾಗಿದೆ ಎನಿಸುತ್ತದೆ. ಈ ಎರಡೂ ನೋವುಗಳನ್ನು ತಣಿಸುವ ಮದ್ದನ್ನು ಸೃಷ್ಟಿಕರ್ತನು ಮನುಷ್ಯನ ಮೆದುಳಿನೊಳಗೇ ಇಟ್ಟಿದ್ದಾನೆ.

ಗಸಗಸೆಯ ಎಳೆಗಾಯಿಯಿಂದ ಒಸರುವ ಹಾಲೇ ಅಫೀಮು. ಅದರಿಂದ ದೊರೆಯುವ ಮಾರ್ಫಿನ್ ತೀವ್ರ ನೋವನ್ನೂ ಶಮನಗೊಳಿಸುತ್ತದೆ. ಮೆದುಳಿನಲ್ಲಿ ಮಾರ್ಫಿನ್ ಬಂದು ಅಂಟಿಕೊಳ್ಳುವ ನೆಲೆಗಳನ್ನು, ಅಂದರೆ ರಿಸೆಪ್ಟರ್‌ಗಳನ್ನು, ವಿಜ್ಞಾನಿಗಳು 1973ರಲ್ಲಿ ಗುರುತಿಸಿದರು. ಆಗ ಒಂದು ಪ್ರಶ್ನೆ ಎದ್ದಿತು: ಹೊಲದಲ್ಲಿ ಬೆಳೆಯುವ ಗಿಡದ ಕೀಲಿಗೆ ಹೊಂದುವ ಬೀಗ ನಮ್ಮ ತಲೆಯೊಳಗೆ ಏಕಿರಬೇಕು? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೋಸ್ಟರ್‌ಲಿಟ್ಜ್ ಇದಕ್ಕೆ ಉತ್ತರ ನೀಡಿದರು. ಹಂದಿಗಳ ಮೆದುಳಿನಿಂದ ಅವರು ಬೇರ್ಪಡಿಸಿದ ಎನ್‌ಕೆಫಲಿನ್, ಕೇವಲ ಐದು ಅಮೈನೋ ಆಮ್ಲಗಳ ಪುಟ್ಟ ಸರ. ಆದರೆ ಮಾರ್ಫಿನ್ ಮಾಡುವ ಕೆಲಸವನ್ನೇ ಅದೂ ಮಾಡುತ್ತಿತ್ತು. ಬಳಿಕ ಎಂಡಾರ್ಫಿನ್, ಡೈನಾರ್ಫಿನ್‌ಗಳೂ ಪತ್ತೆಯಾದವು.

ಇವು ಬರಿಯ ಗಾಯದ ನೋವಿಗೆ ಸೀಮಿತವಲ್ಲ. ಜಾಕ್ ಪ್ಯಾಂಕ್‌ಸೆಪ್ ಎಂಬ ವಿಜ್ಞಾನಿ ತಾಯಿಯಿಂದ ಅಗಲಿಸಿದ ನಾಯಿಮರಿಗಳ ಗೋಳಾಟವನ್ನು ಅಭ್ಯಸಿಸಿದರು. ಅತ್ಯಲ್ಪ ಪ್ರಮಾಣದ ಮಾರ್ಫಿನ್ ನೀಡಿದಾಗ ಮರಿಗಳ ಅಳು ತಗ್ಗಿತು. ಅಗಲಿಕೆಯ ದುಃಖವೂ ಗಾಯದ ನೋವೂ ಮೆದುಳಿನಲ್ಲಿ ನೆರೆಹೊರೆಯವು ಎಂಬುದಕ್ಕೆ ಇದೊಂದು ಸುಳಿವು. ಒಟ್ಟಾಗಿ ಕುಳಿತು ಮನಸಾರೆ ನಕ್ಕವರಲ್ಲಿ ನೋವು ತಾಳುವ ಶಕ್ತಿ ಹೆಚ್ಚುತ್ತದೆಂದು ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿ, ಎಂಡಾರ್ಫಿನ್ ಅದಕ್ಕೆ ಕಾರಣವಿರಬೇಕೆಂದು ವಾದಿಸಿದರು. ರೋಗಿಯನ್ನು ಸಂದರ್ಶಿಸುವುದು, ಮರಣದ ಮನೆಗೆ ಹೋಗಿ ಮೌನವಾಗಿ ಕುಳಿತು ಬರುವುದು ನಮ್ಮಲ್ಲಿ ಏಕೆ ಕರ್ತವ್ಯವೆನಿಸಿದೆ ಎಂದು ಮಕ್ಕಳು ಕೇಳಿದಾಗ ಈ ಸಂಗತಿಗಳನ್ನು ಹೇಳುತ್ತೇನೆ.

ಇದೇ ವ್ಯವಸ್ಥೆಗೆ ಇನ್ನೊಂದು ಮುಖವೂ ಇದೆ. ಡೈನಾರ್ಫಿನ್ ಬೇರೊಂದು ಬಗೆಯ ರಿಸೆಪ್ಟರ್‌ನ ಮೂಲಕ ಕೆಲಸ ಮಾಡುತ್ತದೆ. ಅದು ಹೆಚ್ಚಿದಾಗ ಮನಸ್ಸಿಗೆ ಕಳವಳ, ಬೇಸರ ಕವಿಯುತ್ತದೆ. ಹೊರಗಿನಿಂದ ಅಫೀಮಿನ ವರ್ಗದ ಮಾತ್ರೆಗಳನ್ನು ಬಹುಕಾಲ ಸೇವಿಸಿದರೆ ಮೆದುಳು ಅದಕ್ಕೇ ಒಗ್ಗಿಕೊಳ್ಳುತ್ತದೆ. ಹಠಾತ್ತನೆ ನಿಲ್ಲಿಸಿದಾಗ ಮೈಕೈ ನೋವು, ನಿದ್ರಾಹೀನತೆ, ಯಾವುದರಲ್ಲೂ ಸುಖ ಕಾಣದ ಸ್ಥಿತಿ ಎದುರಾಗುತ್ತದೆ.

ನನ್ನ ವಿದ್ಯಾರ್ಥಿಯೊಬ್ಬನ ಅಣ್ಣ ಇದನ್ನು ಅನುಭವಿಸಿದ. ಬೈಕ್ ಅಪಘಾತದ ನಂತರ ನೋವಿಗೆಂದು ಆರಂಭವಾದ ಮಾತ್ರೆ, ಗಾಯ ಮಾಗಿದರೂ ಬಿಡಲಿಲ್ಲ. ಎರಡು ಬಾರಿ ತೌಬಾ ಮಾಡಿದ. ಎರಡು ಬಾರಿಯೂ ಮತ್ತೆ ಅದಕ್ಕೇ ಮರಳಿದ. ಮಸೀದಿಯ ಅಂಗಳದಲ್ಲಿ ಹಿರಿಯರು, “ಅವನಿಗೆ ಈಮಾನ್ ಇಲ್ಲ” ಎಂದರು. ಆ ಮಾತು ಕೇಳಿದ ಮೇಲೆ ಅವನು ಜಮಾಅತ್‌ಗೆ ಬರುವುದನ್ನೇ ಬಿಟ್ಟ. ಅವನ ತಂದೆ ನನ್ನಲ್ಲಿ, “ಉಸ್ತಾದರೇ, ಇವನಿಗೆ ಏನು ಓದಿ ಊದಲಿ?” ಎಂದು ಕೇಳಿದಾಗ, “ದುಆ ನಾವೆಲ್ಲ ಮಾಡೋಣ, ನಾಳೆಯೇ ಮನೋವೈದ್ಯರ ಬಳಿಗೂ ಹೋಗೋಣ” ಎಂದೆ. ವೈದ್ಯರು ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆ ಬರೆದುಕೊಟ್ಟರು. “ಒಂದು ಅಮಲು ಬಿಡಿಸಲು ಇನ್ನೊಂದು ಅಮಲೇ?” ಎಂದು ಬಂಧುಗಳು ತಕರಾರೆತ್ತಿದರು. ಅದು ಅದೇ ಬೀಗಕ್ಕೆ ಹೊಂದುವುದಾದರೂ ಬಾಗಿಲನ್ನು ಅರ್ಧವಷ್ಟೇ ತೆರೆಯುತ್ತದೆ. ಹಂಬಲವನ್ನು ತಗ್ಗಿಸಿ ದುಡಿಯಲು, ನಿದ್ರಿಸಲು ಅನುವು ಮಾಡುತ್ತದೆ ಎಂದು ವೈದ್ಯರು ತಾಳ್ಮೆಯಿಂದ ವಿವರಿಸಿದರು. ಈಗ ಹತ್ತು ತಿಂಗಳು ಕಳೆದಿವೆ. ಅವನು ಕೆಲಸಕ್ಕೆ ಹೋಗುತ್ತಿದ್ದಾನೆ, ಶುಕ್ರವಾರ ಕೊನೆಯ ಸಾಲಿನಲ್ಲಿ ನಿಲ್ಲುತ್ತಾನೆ. ಮುಂದೇನೆಂಬುದನ್ನು ಅಲ್ಲಾಹನೇ ಬಲ್ಲ.

ಖಿನ್ನತೆಯಲ್ಲಿರುವವರ ಸ್ಥಿತಿಯೂ ಯೋಚಿಸತಕ್ಕದ್ದು. ಇತರರಿಂದ ತಿರಸ್ಕೃತರಾದಾಗ ಆರೋಗ್ಯವಂತರ ಮೆದುಳು ಈ ಸಹಜ ನೋವುಶಾಮಕವನ್ನು ಹರಿಸಿ ಪೆಟ್ಟನ್ನು ಹಗುರಗೊಳಿಸುತ್ತದೆ. ಖಿನ್ನರಲ್ಲಿ ಆ ಹರಿವು ಕುಂದಿರುತ್ತದೆ ಎಂದು ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ವರದಿ ಮಾಡಿದರು. ಮನೋರೋಗಕ್ಕೆ ಇದೊಂದೇ ಕಾರಣವಲ್ಲ. ವಂಶ, ಬಡತನ, ಬಾಲ್ಯದ ಆಘಾತ, ಮೆದುಳಿನ ಇತರ ರಾಸಾಯನಿಕಗಳು ಎಲ್ಲವೂ ಸೇರಿವೆ. ಆದರೂ ನಮಗೆ ಹಗುರವೆನಿಸುವ ಚುಚ್ಚುಮಾತು ಅವರಿಗೆ ಏಕೆ ಅಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಇದು ತಿಳಿಸುತ್ತದೆ.

ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ಕೊಡಿಸುವಾಗ ನಾವು ಅವನ ವಿಶ್ವಾಸವನ್ನು ಅಳೆಯುವುದಿಲ್ಲ. ಮನಸ್ಸು ನೊಂದವನಿಗೂ ಅದೇ ನ್ಯಾಯ ಸಲ್ಲಬೇಕು. ನಿಮ್ಮ ಮನೆಯಲ್ಲಿ, ಮೊಹಲ್ಲಾದಲ್ಲಿ ಅಂಥವರಿದ್ದರೆ ಉಪದೇಶಕ್ಕೆ ಮೊದಲು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಆಸ್ಪತ್ರೆಗೆ ಹೊರಟಾಗ ಜೊತೆಗೆ ಹೋಗಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.