ಇಸ್ತಾಂಬುಲ್: ಮೊದಲ ದಿನ

ಇಸ್ತಾಂಬುಲ್ ಮುಟ್ಟಿದ ದಿನವೇ ಆಯಾ ಸೋಫಿಯಾದ ಸಾಲಿನಲ್ಲಿ ನಿಲ್ಲುವವರು ನಿಲ್ಲಲಿ. 537ರಲ್ಲಿ ಕಟ್ಟಿ ಮುಗಿಸಿದ್ದು, ನಾಳೆಯೂ ಅಲ್ಲೇ ಇರುತ್ತದೆ. ನಾವಿಬ್ಬರು ಎಮಿನೊನು ಜೆಟ್ಟಿಯಿಂದ ಕಡಿಕೊಯ್‌ಗೆ ಹೋಗುವ ಫೆರಿ ಹತ್ತಿದೆವು. ಸುಮಾರು ಇಪ್ಪತ್ತು ನಿಮಿಷದಲ್ಲಿ ಯುರೋಪಿನಿಂದ ಏಷ್ಯಾ! ನಮ್ಮ ಡೊಂಬಿವಲಿಯಿಂದ ದಾದರ್‌ಗೆ ಇದರ ಎರಡರಷ್ಟು ಹೊತ್ತು ಬೇಕು.

ಫೆರಿಯಲ್ಲಿ ಸೊಂಟ ಸಣ್ಣಗಿನ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ. ಜೊತೆಗೆ ಎಳ್ಳು ಮೆತ್ತಿದ, ಬಳೆಯಂಥ ಸಿಮಿತ್ ಬ್ರೆಡ್ಡು. ಅರ್ಧ ನಮಗೆ, ಅರ್ಧ ಬೆನ್ನು ಹತ್ತಿದ ಕಡಲಹಕ್ಕಿಗಳಿಗೆ. ಇಲ್ಲಿ ಅಂಗಡಿಗೆ ದುಕ್ಯಾನ್, ಲೆಕ್ಕಕ್ಕೆ ಹೆಸಾಪ್, ಸಾಬೂನಿಗೆ ಸಾಬುನ್. ಧಾರವಾಡದ ಸಂತೆಯಲ್ಲಿ ಕಿವಿಗೆ ಬಿದ್ದ ಮಾತುಗಳೇ.

ನಾಲ್ಕಕ್ಕೆ ನಮ್ಮವರ ಮೊಬೈಲಿನಲ್ಲಿ ಅಲಾರಂ ಹೊಡೆಯಿತು. ಅತ್ತೆಯವರ ಮಾತ್ರೆಯ ಹೊತ್ತು. ಒಂಬತ್ತು ವರ್ಷ ನಾವಿಬ್ಬರೂ ಒಟ್ಟಿಗೆ ಮನೆ ಬಿಟ್ಟವರಲ್ಲ. ಅವರು ಹೋಗಿ ಹನ್ನೊಂದು ತಿಂಗಳಾದರೂ ಅಲಾರಂ ಹಾಗೇ ಇದೆ.

“ತಗದು ಬಿಡ್ಲೇನು?” ಅಂದರು.

“ಇರ್ಲಿ ಬಿಡ್ರಿ” ಅಂದೆ.

ಹಕ್ಕಿಗಳತ್ತ ನೋಡುತ್ತಾ ಸುಮ್ಮನಾದರು. ಕಡಿಕೊಯ್‌ನಲ್ಲಿ ಇಳಿದು, ಮೀನು, ಆಲಿವ್, ಉಪ್ಪಿನಕಾಯಿಗಳ ಆ ಪೇಟೆಯಲ್ಲಿ ಕತ್ತಲಾಗುವವರೆಗೆ ಅಲೆದೆವು. ಅವರು ಗಡಿಯಾರ ನೋಡಿದ್ದು ಒಂದೇ ಸಲ, ವಾಪಸಿನ ಫೆರಿಗಾಗಿ.