ಮಂಜೀರದ ದಂಡೆಯಲ್ಲಿ ಒಂದು ಭಾನುವಾರ

ಕಾಚಿಗೂಡದ ನಾವು ನಾಲ್ಕಾರು ಸಂಸಾರಗಳವರು ಭಾನುವಾರ ಒಟ್ಟು ಕೂಡುವುದೆಂದರೆ ಯಾರದಾದರೂ ಮದುವೆಗೆ, ಇಲ್ಲವೆ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ. ಹಕ್ಕಿ ನೋಡಲೆಂದು ಕೂಡಿದ್ದು ಇದೇ ಮೊದಲು. ಜನವರಿಯ ಚಳಿಯಲ್ಲಿ ಬೆಳಗಿನ ಐದು ಗಂಟೆಗೆ ರೈಲು ನಿಲ್ದಾಣದ ಎದುರು ವ್ಯಾನು ಬಂದು ನಿಂತಾಗ, ಹದಿನಾಲ್ಕು ಜನಕ್ಕೆ ದುರ್ಬೀನು ಒಂದೇ ಒಂದು. ಜೋಳದ ರೊಟ್ಟಿಯ ಗಂಟುಗಳು ಮಾತ್ರ ಮೂರು. ನಮ್ಮ ಪಕ್ಷಿಜ್ಞಾನ ಎಷ್ಟೆಂಬುದನ್ನು ಓದುಗರು ಇದರಿಂದಲೇ ಊಹಿಸಬಹುದು.

ಹೋದದ್ದು ಸಂಗಾರೆಡ್ಡಿಯ ಬಳಿಯ ಮಂಜೀರ ವನ್ಯಜೀವಿ ಧಾಮಕ್ಕೆ. ಇಲ್ಲಿಂದ ಸುಮಾರು 60 ಕಿಲೋಮೀಟರು. 1978ರಲ್ಲಿ ಧಾಮವೆಂದು ಘೋಷಿತವಾದ ಈ ಜಾಗದಲ್ಲಿ ಮೊಸಳೆಗಳೂ ಇವೆ. ನಮ್ಮ ನಗರಕ್ಕೆ ಕುಡಿಯುವ ನೀರು ಕೊಟ್ಟ ಜಲಾಶಯವೂ ಇದೇ. ಮಂಜೀರ ಮಹಾರಾಷ್ಟ್ರದ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ, ಬೀದರ ಜಿಲ್ಲೆಯನ್ನು ಹಾಯ್ದು ಇತ್ತ ಬರುತ್ತಾಳೆ. ಕೊನೆಗೆ ಗೋದಾವರಿಯನ್ನು ಸೇರುತ್ತಾಳೆ. “ನಮ್ಮೂರ ಮಾಂಜ್ರಾ ನೀರನ್ನ ಇಷ್ಟು ವರ್ಷ ಇಲ್ಲಿ ನಳದಾಗ ಕುಡದೀವಿ ನೋಡ್ರಿ” ಎಂದು ಬೀದರಿನ ಗೆಳೆಯರು ಬೀಗಿದರು. ಅವರು ಊರು ಬಿಟ್ಟು ನಲವತ್ತು ವರ್ಷವಾಯಿತು.

ನಾವು ಇಳಿದ ಗದ್ದಲಕ್ಕೇ ದಂಡೆಯ ಬೆಳ್ಳಕ್ಕಿಗಳೆಲ್ಲ ಎದ್ದುಹೋದವು. ಆಮೇಲೆ ಬುದ್ಧಿ ಬಂದು ಬಾಯಿ ಮುಚ್ಚಿ ಕುಳಿತೆವು. ಮಂಜು ಕರಗುತ್ತ ಬಂದಂತೆ ನೀರಿನ ಮೇಲಣ ಕಪ್ಪು ಚುಕ್ಕಿಗಳು ಒಂದೊಂದಾಗಿ ಹಕ್ಕಿಗಳಾದವು: ನಾಮದ ಕೋಳಿ, ನೀರುಕಾಗೆ, ಬಣ್ಣದ ಕೊಕ್ಕರೆ. ದೂರದ ನಡುಗಡ್ಡೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳ ಹಿಂಡು. ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ, ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ಬರುವ ಈ ಹಕ್ಕಿ 7000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ.

ಇಷ್ಟರಲ್ಲಿ ಗೆಳೆಯರ ಮೊಮ್ಮಗಳು, ಹತ್ತು ವರ್ಷದವಳು, ದುರ್ಬೀನು ಇಳಿಸಿ ಕೇಳಿದಳು: “ಅಜ್ಜಾ, ಅದು ರಡ್ಡಿ ಶೆಲ್‌ಡಕ್. ಕನ್ನಡದಾಗ ಏನಂತಾರ್ರಿ?”

ನಾವೋ ಪ್ರತಿ ನವೆಂಬರಿನಲ್ಲೂ ವೇದಿಕೆ ಹತ್ತಿ, ಮಕ್ಕಳಿಗೆ ಕನ್ನಡ ಕಲಿಸಿರೆಂದು ಭಾಷಣ ಮಾಡುವವರು. ಗೊತ್ತಿಲ್ಲವೆನ್ನಲು ನಾಲಿಗೆ ಏಳಲಿಲ್ಲ. ಗಂಟಲು ಸರಿಮಾಡಿಕೊಂಡು “ಕಿತ್ತಳೆ ಬಾತು” ಎಂದುಬಿಟ್ಟೆವು. ಅವಳು ನಂಬಿ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಆ ಬರೆದುಕೊಂಡದ್ದೇ ನಮ್ಮನ್ನು ಚುಚ್ಚಿತು.

ಅವಳ ಅಜ್ಜಿ ಮಾತಾಡದೆ ಚೀಲದಿಂದ ತೇಜಸ್ವಿಯವರ ‘ಹಕ್ಕಿ ಪುಕ್ಕ’ ತೆಗೆದು ಹಾಳೆ ತಿರುವಿದರು. “ಇದು ಚಕ್ರವಾಕ ಅಲ್ಲೇನ್ರಿ?” ಎಂದರು.

ಚಕ್ರವಾಕ! ಹಗಲೆಲ್ಲ ಜೋಡಿಯಾಗಿದ್ದು, ರಾತ್ರಿ ಅಗಲಿ, ಒಂದು ಆ ದಡದಲ್ಲಿ ಒಂದು ಈ ದಡದಲ್ಲಿ ಕುಳಿತು ಕೂಗುವ ವಿರಹದ ಹಕ್ಕಿ. ಹಳಗನ್ನಡ ಪದ್ಯಗಳ ಅರ್ಥ ಬರೆದು ಇದರಿಂದ ಅಂಕ ಗಳಿಸಿದವರು ನಾವು. ಕವಿಗಳ ಕಲ್ಪನೆಯೆಂದೇ ತಿಳಿದಿದ್ದೆವು. ಆ ಹಕ್ಕಿ ಈಗ ಕೇಸರಿ ಮೈ, ಬಿಳಿಚು ತಲೆ ಹೊತ್ತು ಕೆಸರಿನಲ್ಲಿ ಮೇಯುತ್ತಿತ್ತು. ನಮ್ಮ ಬಳಿ ಹೆಸರಿತ್ತು, ಹಕ್ಕಿ ಇರಲಿಲ್ಲ. ಹುಡುಗಿಯ ಬಳಿ ಹಕ್ಕಿ ಇತ್ತು, ಹೆಸರಿರಲಿಲ್ಲ.

ತಪ್ಪೊಪ್ಪಿಕೊಂಡು, ಹೊಡೆದುಹಾಕಿ ಸರಿಯಾಗಿ ಬರೆದುಕೋ ಎಂದೆವು. “ಗೊತ್ತಿಲ್ಲ ಅನ್ನಬೇಕಿತ್ತಲ್ರಿ ಅಜ್ಜಾ” ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಅವಳ ಪಟ್ಟಿಯಲ್ಲಿ 22 ಹಕ್ಕಿಗಳಿದ್ದವು. ಐದರ ಎದುರು ಜಾಗ ಖಾಲಿ. ಹುಲ್ಲಿನಲ್ಲಿ ಬಾಲ ಕುಣಿಸುತ್ತಿದ್ದ ಒಂದು ಸಣ್ಣ ಹಕ್ಕಿಗೆ ಬೀದರಿನ ಗೆಳೆಯರು ಬಹಳ ಹೊತ್ತು ತಲೆ ಕೆರೆದುಕೊಂಡರು. “ಹೊಲದಾಗ ನಮ್ಮವ್ವ ಇದಕ್ಕೇನೋ ಅಂತಿದ್ಲು” ಎಂದರು, ನೆನಪಾಗಲಿಲ್ಲ. ಆಮೇಲೆ ಸಂಗಾರೆಡ್ಡಿ ದಾಟುವವರೆಗೂ ಮಾತಾಡಲಿಲ್ಲ.

ಆ ಜಾಗಗಳನ್ನು ಖಾಲಿಯೇ ಬಿಟ್ಟಿದ್ದೇವೆ. ಈ ಸಲ ಊಹಿಸಿ ತುಂಬಿಲ್ಲ. ಮುಂದಿನ ಜನವರಿಯಲ್ಲಿ ಮತ್ತೆ ಹೊರಡುವ ಯೋಚನೆಯಿದೆ. ಊರ ಕಡೆಯ ಹಕ್ಕಿಗಳ ಹೆಸರು ಬಲ್ಲ ಹಿರಿಯರು ಯಾರಾದರೂ ಇದ್ದರೆ ನಮ್ಮ ಜೊತೆ ಬರಬೇಕು. ರೊಟ್ಟಿಯ ಚಿಂತೆ ಅವರಿಗೆ ಬೇಡ.