ದೊಡ್ಡದನ್ನು ಚಿಕ್ಕದಾಗಿ ತೋರುವ ಕಣ್ಣು

ಛಾಯಾಚಿತ್ರವೆಂದರೆ ಕಂಡದ್ದನ್ನು ಕಂಡ ಹಾಗೆಯೇ ಹಿಡಿದಿಡುವ ಸಾಧನವೆಂಬುದು ನಮ್ಮೆಲ್ಲರ ನಂಬಿಕೆ. ಪಡಸಾಲೆಯ ಗೋಡೆಯ ಮೇಲಿರುವ ಹಿರಿಯರ ಚಿತ್ರವನ್ನು ನಾವು ಅವರ ಬಾಳಿನ ಸಾಕ್ಷಿಯೆಂದೇ ಕಾಣುತ್ತೇವೆ. ಆದರೆ ಅದೇ ಛಾಯಾಚಿತ್ರವು ನಿಜವಾದ ಊರನ್ನು ಮಕ್ಕಳ ಆಟಿಕೆಯ ಊರಾಗಿಯೂ ನಡೆದಾಡುವ ಮನುಷ್ಯರನ್ನು ಬೊಂಬೆಗಳಾಗಿಯೂ ತೋರಿಸಬಲ್ಲದು. ಒಂದು ಕಲ್ಲನ್ನೂ ಕದಲಿಸದೆ ಇಂತಹ ಭ್ರಮೆಯನ್ನು ಹುಟ್ಟಿಸುವ ವಿದ್ಯೆಯೊಂದುಂಟು. ಮೂವತ್ತು ವರ್ಷಗಳಿಗೂ ಮಿಕ್ಕಿ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ನನಗೆ ಅದನ್ನು ಪರಿಚಯಿಸಿದವನು ಕಾಲೇಜು ಓದುತ್ತಿರುವ ನನ್ನ ಮೊಮ್ಮಗ. ಆ ವಿದ್ಯೆಯ ಮರ್ಮವನ್ನೂ ಅದು ನಮ್ಮ ಮನೆಯಲ್ಲಿ ಎಬ್ಬಿಸಿದ ಒಂದು ವಿಚಾರವನ್ನೂ ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿದೆ.

ಮಣ್ಣೆತ್ತಿನ ಅಮಾವಾಸ್ಯೆಯಂದು ಮಕ್ಕಳು ಮಾಡುವ ಮಣ್ಣಿನ ಎತ್ತೊಂದನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣಿನ ಸಮೀಪಕ್ಕೆ ತಂದು ನೋಡಿರಿ. ದೃಷ್ಟಿಯು ಕೋಡಿನ ಮೇಲೆ ನಿಂತಾಗ ಬಾಲವು ಮಸಕಾಗುತ್ತದೆ. ಅದರಾಚೆಯ ಗೋಡೆಯಂತೂ ಇನ್ನೂ ಮಸಕು. ಅದೇ ದೂರದ ಹೊಲದಲ್ಲಿ ನಿಂತ ನಿಜವಾದ ಎತ್ತನ್ನು ನೋಡಿದರೆ ಎತ್ತೂ ಬೇಲಿಯೂ ಹಿಂದಿನ ಗುಡ್ಡವೂ ಏಕಕಾಲಕ್ಕೆ ಸ್ಪಷ್ಟವಾಗಿಯೇ ಕಾಣುತ್ತವೆ. ಕ್ಯಾಮೆರಾಕ್ಕೂ ಇದೇ ನಿಯಮ. ೩೫ ಮಿ.ಮೀ. ಫಿಲ್ಮಿನ ಕ್ಯಾಮೆರಾದಲ್ಲಿ ೫೦ ಮಿ.ಮೀ. ಮಸೂರದ ದ್ವಾರವನ್ನು ಎಂಟನೆಯ ಅಂಕಕ್ಕೆ ಇಟ್ಟು ಅರ್ಧ ಮೀಟರ್ ದೂರದ ವಸ್ತುವನ್ನು ತೆಗೆದರೆ, ಸ್ಪಷ್ಟವಾಗಿ ಮೂಡುವ ಆಳ ಸುಮಾರು ನಾಲ್ಕೈದು ಸೆಂಟಿಮೀಟರ್ ಮಾತ್ರ. ಅದೇ ಮಸೂರವನ್ನು ಹತ್ತು ಮೀಟರ್ ದೂರಕ್ಕೆ ಹೊಂದಿಸಿದರೆ, ಐದು ಮೀಟರಿನಿಂದ ದಿಗಂತದವರೆಗೆ ಹೆಚ್ಚುಕಡಿಮೆ ಎಲ್ಲವೂ ಸ್ಪಷ್ಟ. ಈ ಪಾಠವನ್ನು ನಮ್ಮ ಮನಸ್ಸು ಹುಟ್ಟಿನಿಂದಲೇ ಕಲಿತಿದೆ. ಆದುದರಿಂದ ಚಿತ್ರದ ನಡುವಿನ ಒಂದು ಪಟ್ಟಿಯಷ್ಟೇ ಸ್ಪಷ್ಟವಾಗಿದ್ದು ಮೇಲೂ ಕೆಳಗೂ ಮಸಕಾಗಿದ್ದರೆ, ಈ ವಸ್ತು ಕೈಯಳತೆಯಲ್ಲಿದೆ, ಆದಕಾರಣ ಚಿಕ್ಕದು ಎಂದು ಮನಸ್ಸು ತಾನಾಗಿ ತೀರ್ಮಾನಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹೀಗೆ ಮಸಕಿನ ಪ್ರಮಾಣವು ಗಾತ್ರ ಮತ್ತು ದೂರಗಳ ಅರಿವನ್ನು ಬದಲಿಸುವ ಬಗೆಯನ್ನು ಪರೀಕ್ಷಿಸಿ ತೋರಿಸಿತು.

ಈ ಭ್ರಮೆಯ ಮೂಲ ಸಾಧನವೆಂದರೆ ಓರೆಯಾಗಿ ಬಾಗಬಲ್ಲ ಮಸೂರ. ಸಾಧಾರಣ ಕ್ಯಾಮೆರಾದಲ್ಲಿ ಮಸೂರವೂ ಫಿಲ್ಮೂ ಒಂದಕ್ಕೊಂದು ಸಮಾಂತರವಾಗಿರುತ್ತವೆ. ಮಸೂರವನ್ನು ಬಾಗಿಸಿದಾಗ ಸ್ಪಷ್ಟತೆಯ ತಲವೂ ಓರೆಯಾಗುತ್ತದೆ. ಫಿಲ್ಮಿನ ತಲ, ಮಸೂರದ ತಲ, ಸ್ಪಷ್ಟತೆಯ ತಲ ಈ ಮೂರೂ ಒಂದೇ ರೇಖೆಯಲ್ಲಿ ಸಂಧಿಸುತ್ತವೆಂಬುದು ಇಲ್ಲಿಯ ಸೂತ್ರ. ಫ್ರಾನ್ಸಿನ ಜ್ಯೂಲ್ ಕಾರ್ಪೆಂಟಿಯೆ ೧೯೦೧ರಲ್ಲಿಯೇ ಇದನ್ನು ಬಳಸಿದ್ದರೂ, ೧೯೦೪ರಲ್ಲಿ ಪೇಟೆಂಟ್ ಪಡೆದು ವಿವರಿಸಿದ ಆಸ್ಟ್ರಿಯಾದ ಸೈನ್ಯಾಧಿಕಾರಿ ಥಿಯೊಡೋರ್ ಶೈಮ್‌ಪ್ಲೂಗ್ ಅವರ ಹೆಸರಿನಿಂದಲೇ ಅದು ಪ್ರಸಿದ್ಧವಾಯಿತು. ಆತನ ಉದ್ದೇಶವು ಆಟಿಕೆಯಾಗಿರಲಿಲ್ಲ. ಆಕಾಶದಿಂದ ತೆಗೆದ ಓರೆಯಾದ ಚಿತ್ರಗಳನ್ನು ನೇರಗೊಳಿಸಿ ನಕ್ಷೆ ತಯಾರಿಸುವುದು ಆತನಿಗೆ ಬೇಕಾಗಿತ್ತು. ಬಾಗುವ ಮಸೂರವು ೩೫ ಮಿ.ಮೀ. ಕ್ಯಾಮೆರಾಗಳಿಗೆ ಒದಗಿದುದು ೧೯೭೩ರಲ್ಲಿ, ಕ್ಯಾನನ್ ಕಂಪನಿಯಿಂದ. ಎಲ್ಲವನ್ನೂ ಸ್ಪಷ್ಟಗೊಳಿಸಲೆಂದು ಹುಟ್ಟಿದ ಈ ಉಪಾಯವನ್ನು ತಿರುವುಮುರುವು ಮಾಡಿ, ಬಹುಭಾಗವನ್ನು ಮಸಕುಗೊಳಿಸಲು ಬಳಸಿದವರು ಮುಂದಿನ ಕಲಾವಿದರು. ಇಟಲಿಯ ಒಲಿವೊ ಬಾರ್ಬಿಯೇರಿ ಹೆಲಿಕಾಪ್ಟರಿನಿಂದ ರೋಮ್ ಮೊದಲಾದ ನಗರಗಳನ್ನು ಹೀಗೆ ಚಿತ್ರಿಸಿದರು. ಜಪಾನಿನ ನವೋಕಿ ಹೊಂಜೊ ಅವರ ‘ಸ್ಮಾಲ್ ಪ್ಲಾನೆಟ್’ ಎಂಬ ಚಿತ್ರಸಂಪುಟ ೨೦೦೬ರಲ್ಲಿ ಹೊರಬಂದಿತು.

ಇಂದು ಈ ಕೆಲಸಕ್ಕೆ ಬೆಲೆಬಾಳುವ ಮಸೂರವೇ ಬೇಕೆಂದಿಲ್ಲ. ಮೊಮ್ಮಗ ನನ್ನನ್ನು ವಿಜಯಪುರದ ಗೋಲಗುಮ್ಮಟಕ್ಕೆ ಕರೆದೊಯ್ದಿದ್ದ. ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಮೆಟ್ಟಿಲುಗಳನ್ನು ಕುಳಿತು ಕುಳಿತು ಏರಿ, ಗುಮ್ಮಟದ ಸುತ್ತಣ ಮಾಳಿಗೆಗೆ ಬಂದೆವು. ಕೆಳಗೆ ಹುಲ್ಲುಹಾಸು, ನೇರವಾದ ಹಾದಿ, ವಸ್ತುಸಂಗ್ರಹಾಲಯದ ಕಟ್ಟಡ, ನಡೆದಾಡುವ ಯಾತ್ರಿಕರು. ಅವನು ತನ್ನ ಮೊಬೈಲಿನಲ್ಲಿ ಚಿತ್ರ ತೆಗೆದು ಅಲ್ಲಿಯೇ ಕೆಲಸ ಮುಗಿಸಿದ. ಅವನ ಕ್ರಮ ಹೀಗಿತ್ತು: ಮೇಜಿನ ಮೇಲಿನ ಮಾದರಿಯನ್ನು ನಾವು ಯಾವಾಗಲೂ ಮೇಲಿನಿಂದಲೇ ನೋಡುವುದರಿಂದ ಎತ್ತರದ ಜಾಗವನ್ನೇ ಆರಿಸಬೇಕು. ಆಕಾಶವು ಚಿತ್ರದಲ್ಲಿ ಬರಬಾರದು. ಬಿಸಿಲು ಚೆನ್ನಾಗಿರಬೇಕು. ಮನುಷ್ಯರು ಇರಬೇಕು, ಆದರೆ ಮುಖಚಹರೆ ಕಾಣಕೂಡದು. ಅನಂತರ ನಡುವೆ ಒಂದು ಅಡ್ಡಪಟ್ಟಿಯನ್ನು ಬಿಟ್ಟು, ಮೇಲಕ್ಕೂ ಕೆಳಕ್ಕೂ ಕ್ರಮೇಣ ಹೆಚ್ಚುವಂತೆ ಮಸಕನ್ನು ಹರಡಬೇಕು. ಕೊನೆಗೆ ಬಣ್ಣಗಳನ್ನು ತುಸು ಗಾಢಗೊಳಿಸಿದರೆ ಗಿಡಗಳು ಸ್ಪಂಜಿನ ತುಂಡುಗಳಂತೆಯೂ ಜನರು ಬಣ್ಣ ಬಳಿದ ಮರದ ಬೊಂಬೆಗಳಂತೆಯೂ ತೋರುತ್ತಾರೆ. ಎತ್ತರದ ಗೋಪುರವೊಂದು ಪಟ್ಟಿಯನ್ನು ದಾಟಿ ಮೇಲೆದ್ದಿದ್ದರೆ ಮಾತ್ರ, ಅದರ ಬುಡ ಸ್ಪಷ್ಟವಾಗಿ ತುದಿ ಮಸಕಾಗಿ, ಕೃತಕತೆ ಬಯಲಾಗುತ್ತದೆ. ಆ ಚಿತ್ರವನ್ನು ಕಂಡು ನಾನು ಮಗುವಿನಂತೆ ನಕ್ಕೆ.

ವಿಚಾರವು ಗಂಭೀರವಾದುದು ಮನೆಗೆ ಬಂದ ಮೇಲೆ. ನಮ್ಮದು ಮೂಲತಃ ಹಳೆಯ ಬಾಗಲಕೋಟೆ. ೨೦೦೦ದ ಆಸುಪಾಸಿನ ವರ್ಷಗಳಲ್ಲಿ ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ದಂಡೆಯುದ್ದಕ್ಕೂ ಏರಿದಾಗ ಊರಿನ ತಗ್ಗಿನ ಓಣಿಗಳು ಮುಳುಗಿದವು. ನಮ್ಮ ಓಣಿಯೂ ಅವುಗಳಲ್ಲೊಂದು. ನಾವು ನವನಗರಕ್ಕೆ ಬಂದೆವು. ೧೯೮೮ರಲ್ಲಿ ನೆರೆಯವರ ಮೇಲ್ಮಾಳಿಗೆಯಿಂದ ನಾನು ತೆಗೆದ ಒಂದೇ ಒಂದು ಚಿತ್ರದಲ್ಲಿ ಆ ಓಣಿ ಇಡಿಯಾಗಿ ಉಳಿದಿದೆ. ಮೊಮ್ಮಗ ಅದರ ಪ್ರತಿಯೊಂದನ್ನು ಮಾಡಿಕೊಂಡು ಆಟಿಕೆಯ ಊರಾಗಿಸಿ, ೯೧ ವರ್ಷದ ನನ್ನ ತಾಯಿಯವರ ಕೈಗೆ ಕೊಟ್ಟ.

ಅವ್ವ ಬಹಳ ಹೊತ್ತು ನೋಡಿದಳು. “ಛಂದ ಐತಿ ತಮ್ಮಾ” ಎಂದಳು. ಆಮೇಲೆ ಬೆರಳಿಟ್ಟು ತೋರಿಸಿದಳು: “ಇದು ಗೊಂಬಿ ಅಲ್ಲೋ, ನನ್ನ ತಂಗಿ. ಕಟ್ಟೀ ಮ್ಯಾಲೆ ಜ್ವಾಳಾ ಹಸನ ಮಾಡಾಕತ್ತಾಳ.” ಬೆರಳು ಇನ್ನೂ ಮೇಲಕ್ಕೆ ಸರಿಯಿತು. “ಬಾವಿ ಎಲ್ಲೈತಿ? ಬಾವೀ ಆಚೆ ನಮ್ಮ ಮನೀ? ಒಮ್ಮೆ ನೀರು ಒಯ್ದದ್ದು ಸಾಲದ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೊಮ್ಮಗ ಮಾತಿಲ್ಲದೆ ಎದ್ದುಹೋಗಿ ಮೂಲಚಿತ್ರವನ್ನು ತಂದು ಅವಳ ಮುಂದಿಟ್ಟ. ಬಾವಿಯೂ ಇತ್ತು, ಮನೆಯೂ ಇತ್ತು, ತಲೆಬಾಗಿಲ ಮೇಲಿನ ಮಾವಿನ ತೋರಣವೂ ಇತ್ತು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಮಾತು ಕೊರೆಯುತ್ತಿದೆ. ಎತ್ತರದಿಂದ ನೋಡುವ ಕಣ್ಣು ಕೆಟ್ಟದ್ದೇನೂ ಅಲ್ಲ. ನಕ್ಷೆಯಿಲ್ಲದೆ ಅಣೆಕಟ್ಟೂ ಇಲ್ಲ, ನವನಗರದ ನೇರವಾದ ಬೀದಿಗಳೂ ಇಲ್ಲ. ಆಲಮಟ್ಟಿಯ ನೀರು ಎಷ್ಟೋ ಒಣಹೊಲಗಳನ್ನು ಹಸಿರಾಗಿಸಿದೆ, ಅದನ್ನು ಮರೆಯುವುದು ಅನ್ಯಾಯ. ಆದರೆ ಆ ಕಣ್ಣಿಗೆ ಒಂದು ಪಟ್ಟಿಯಷ್ಟೇ ಸ್ಪಷ್ಟ. ಅಂದಿನ ನಕ್ಷೆಯಲ್ಲಿ ನಮ್ಮ ಓಣಿಯ ಅಗಲವು ಒಂದು ಪೆನ್ಸಿಲ್ ಗೆರೆಯಷ್ಟಿತ್ತು. ಗೆರೆಯೊಳಗೆ ಜೋಳ ಹಸನು ಮಾಡುವ ಹೆಣ್ಣುಮಗಳೊಬ್ಬಳು ಇದ್ದಾಳೆಂಬುದನ್ನು ಬಲ್ಲವರು, ಆ ಕಟ್ಟೆಯ ಮೇಲೆ ಕುಳಿತೆದ್ದವರು ಮಾತ್ರ. ಮನೆಯ ವ್ಯವಹಾರದಲ್ಲಿಯೂ ಇದು ಸತ್ಯ. ಹಿರಿತನದ ಮಾಳಿಗೆಯ ಮೇಲೆ ನಿಂತ ನಮಗೆ ಸೊಸೆಯ ದಣಿವು, ಕಿರಿಯ ಮಗನ ಅಳಲು ಬೊಂಬೆಯಾಟದಂತೆ ಕಾಣುವುದುಂಟು. ಕೆಳಗಿಳಿದು ಪಕ್ಕದಲ್ಲಿ ಕುಳಿತರೆ ಮುಖಚಹರೆ ಕಾಣುತ್ತದೆ.

ಈ ವಿದ್ಯೆಯನ್ನು ಮಕ್ಕಳು ಕಲಿಯಲಿ. ತೇರಿನ ದಿನ ಮಾಳಿಗೆಯಿಂದ ಜಾತ್ರೆಯ ಬಯಲನ್ನು ಹೀಗೆ ಚಿತ್ರಿಸಿದರೆ ಬಹು ಸೊಗಸಾಗಿರುತ್ತದೆ. ಆದರೆ ಮನೆಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಹಳೆಯ ಚಿತ್ರಗಳ ಮೇಲೆ ಪ್ರಯೋಗ ನಡೆಸುವಾಗ ಪ್ರತಿಯ ಮೇಲೆಯೇ ನಡೆಸುವಂತೆ ಹೇಳಿರಿ; ಮೂಲವನ್ನು ಬೇರೆಯಾಗಿ, ಎರಡು ಕಡೆ ಕಾದಿಡಿರಿ. ಪ್ರತಿ ಚಿತ್ರದ ಬೆನ್ನಿಗೆ ವರ್ಷವನ್ನೂ ಸ್ಥಳವನ್ನೂ ಅದರಲ್ಲಿರುವವರ ಹೆಸರನ್ನೂ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಿರಿ. ನಮ್ಮ ಓಣಿಯ ಚಿತ್ರದಲ್ಲಿ ಕಾಣುವ ಹನ್ನೊಂದು ಜನರಲ್ಲಿ ಒಂಬತ್ತು ಜನರ ಹೆಸರುಗಳನ್ನು ಅವ್ವ ಹೇಳಿ ಬರೆಸಿದ್ದಾಳೆ. ಉಳಿದಿಬ್ಬರನ್ನು ಬಲ್ಲವರು ನವನಗರದಲ್ಲಿ ಯಾರಾದರೂ ಇರಬಹುದೆಂದು, ಮೊಮ್ಮಗ ಮೂಲಚಿತ್ರದ ಪ್ರತಿಯನ್ನು ಹಿಡಿದು ಈಗ ಮನೆಮನೆಗೆ ಹೋಗುತ್ತಿದ್ದಾನೆ.